ರುಚಿಗೆ ತಕ್ಕಷ್ಟು

ಈ ಶಿಶುವಿಹಾರದ ಅಡುಗೆಯವಳು ನಾನು.
ಪೈಪ್ಸಿ ಸರೋವರ ಹೆಪ್ಪುಗಟ್ಟಿದ ಮೇಲೆ ಇಲ್ಲಿ
ಬೆಳಗಿನ ಎಂಟಕ್ಕೂ ಕಿಟಕಿ ಕಪ್ಪು.
ಓಟ್ಸ್ ಗಂಜಿ ಕುದಿಯುವಾಗ
ಬಾಗಿಲ ಸಂದಿಯಿಂದ ಆಚೆ ಕೋಣೆ ಕಾಣುತ್ತದೆ:
ಜಮಖಾನೆಯ ಮೇಲೆ ಒಂಬತ್ತು ಮಕ್ಕಳು, ನಾಲ್ಕು ಟ್ಯಾಬ್ಲೆಟ್ಟು.
ಒಂದರ ಗಾಜು ಬಿರುಕು;
ಅದಕ್ಕಾಗಿ ಮಾತ್ರ ಯಾರದೂ ಜಗಳವಿಲ್ಲ.

ಪರದೆಯೊಳಗೆ ಒಂದು ಮುಳ್ಳುಹಂದಿ.
ಅದಕ್ಕೊಂದು ಸೇಬು ಬೇಕು.
ಮುಂದೆ, ಮುಂದೆ, ಎಡಕ್ಕೆ, ಮುಂದೆ ಎಂದು
ಬಾಣ ಬರೆದ ಬಣ್ಣದ ಬಿಲ್ಲೆಗಳನ್ನು
ಸಾಲಾಗಿ ಜೋಡಿಸಿ ಹಸಿರು ಗುಂಡಿ ಒತ್ತಬೇಕು.
ಸಾಲು ತಪ್ಪಿದರೆ
ಬೇಲಿಗೆ ಮೂತಿ ಗುದ್ದಿ ಕೂತುಬಿಡುತ್ತದೆ ಬಡಪಾಯಿ.
ಹೆಲ್ಮಿ ಬೇಕೆಂದೇ ಗುದ್ದಿಸುತ್ತಾಳೆ,
ನಗುತ್ತಾಳೆ, ಮತ್ತೆ ಗುದ್ದಿಸುತ್ತಾಳೆ.

'ನಿನ್ನ ಅಡುಗೆಯ ಹಾಗೇ ಇದು,' ಅಂದಳೊಮ್ಮೆ ಟೀಚರ್ ಲೀವಿ,
'ಮೊದಲು ಇದು, ಆಮೇಲೆ ಅದು.'
'ಹೌದೇ? ರುಚಿಗೆ ತಕ್ಕಷ್ಟು ಉಪ್ಪು ಅಂದರೆ
ತಿಳಿಯುತ್ತದೋ ನಿನ್ನ ಮುಳ್ಳುಹಂದಿಗೆ?'
'ಯಾರ ರುಚಿಗೆ ಅಂತ ಕೇಳೀತು.'
ಸರಿಯಾದ ಪ್ರಶ್ನೆಯೇ.
ಮೂವತ್ತು ವರ್ಷದಲ್ಲಿ
ನನ್ನನ್ನು ಯಾರೂ ಕೇಳಿರಲಿಲ್ಲ.

ಯೆಫೀಮ್ ಈರುಳ್ಳಿ ಬೆಳೆಯುವವರ ಮನೆಯ ಹುಡುಗ.
ನನ್ನ ಹಾಗೆ ಅವನಿಗೂ ಮನೆಯಲ್ಲಿ ರಷ್ಯನ್,
ಇಲ್ಲಿ ಎಲ್ಲ ಎಸ್ಟೋನಿಯನ್.
ಸೆಪ್ಟೆಂಬರಿನಿಂದ ಬಾಯಿ ಬಿಟ್ಟಿಲ್ಲ.
ಬಟ್ಟಲನ್ನು ಎರಡೂ ಕೈಯಲ್ಲಿ ಚಾಚಿದರೆ ಇನ್ನೂ ಬೇಕು,
ಒಂದೇ ಕೈಯಲ್ಲಾದರೆ ಸಾಕು.
ಬಿರುಕು ಗಾಜಿನ ಟ್ಯಾಬ್ಲೆಟ್ಟು ಅವನದು.

ಒಂದು ಮಂಗಳವಾರ ರಾತ್ರಿಯೆಲ್ಲ ಕರೆಂಟಿರಲಿಲ್ಲ.
ನಾಲ್ಕೂ ಟ್ಯಾಬ್ಲೆಟ್ಟು ಸತ್ತು ಮಲಗಿದ್ದವು.
ಲೀವಿ ತನ್ನ ಉಣ್ಣೆ ಮಫ್ಲರನ್ನು ಕಣ್ಣಿಗೆ ಕಟ್ಟಿಕೊಂಡು
'ಇವತ್ತು ನಾನೇ ಮುಳ್ಳುಹಂದಿ,
ಹೇಳಿದಷ್ಟೇ ಮಾಡುತ್ತೇನೆ,
ಹೇಳದ್ದು ಮಾಡುವುದಿಲ್ಲ' ಅಂದಳು.

'ಮುಂದೆ!' ಅಂದ ಊಕು.
ಎಷ್ಟು ಹೆಜ್ಜೆ? ಅವನು ಹೇಳಲಿಲ್ಲ.
ಹೊರಟಳು.
ಬೂಟುಗಳ ಗೂಡು ದಾಟಿ, ಒದ್ದೆ ಕೈಗವಸುಗಳ ಹಗ್ಗ ದಾಟಿ
ಹೊಸ್ತಿಲು ದಾಟಿ ನನ್ನ ಅಡುಗೆಮನೆಗೇ ಬಂದಳು,
ಒಲೆಯ ಕಡೆಗೆ.
ಎಡಕ್ಕೆ! ಅಲ್ಲ, ಬಲಕ್ಕೆ! ಹಿಂದೆ! ಸೇಬು!
ಎಂಟು ಬಾಯಿಗಳ ಗದ್ದಲದಲ್ಲಿ
ಯಾವುದನ್ನು ಕೇಳುತ್ತದೆ ಯಂತ್ರ? ನಡೆದೇ ನಡೆಯಿತು.
ಸೌಟು ಹಿಡಿದು ನಿಂತ ನನಗೂ
ಮಾತು ಹೊರಡಲಿಲ್ಲ; ಆಟದಲ್ಲಿ ನಾನಿದ್ದೇನೋ ಇಲ್ಲವೋ.

ಆಗ ಮೇಜಿನ ಅಡಿಯಿಂದ ನುಸುಳಿ ಬಂದ ಯೆಫೀಮ್
ಒಲೆಗೆ ಬೆನ್ನು ಕೊಟ್ಟು
ಎರಡೂ ಕೈ ಅಗಲಿಸಿ ನಿಂತ.
ಅವನ ತಲೆ ಅವಳ ಹೊಟ್ಟೆಗೆ ತಾಗಿತು.
ನಿಂತಳು.

'ಮೋಸ!' ಹೆಲ್ಮಿ ಕಾಲು ಅಪ್ಪಳಿಸಿದಳು,
'ನಿಲ್ಲು ಅಂತ ಯಾರೂ ಹೇಳೇ ಇಲ್ಲ!'
'ಬೇಲಿ ಬಂದರೆ ನಿಲ್ಲಲೇಬೇಕು,' ಊಕುವಿನ ವಾದ.
'ಯೆಫೀಮ್ ಏನು ಬೇಲಿಯಾ? ಅವನು ಯೆಫೀಮ್!'
ಮಫ್ಲರ್ ಬಿಚ್ಚದೆ ಲೀವಿ ಕಾಯುತ್ತಿದ್ದಳು,
ತೀರ್ಪು ಬರುವ ತನಕ ಅವಳು ಯಂತ್ರವೇ.

ಅತ್ತಿತ್ತ ನೋಡಿದ ಹುಡುಗ, ಕೈ ಇಳಿಸದೆ,
'ಸ್ತೆನಾ' ಅಂದ.
ಏನಂದ? ಏನಂದ?
ಎಲ್ಲರೂ ನನ್ನ ಕಡೆ ತಿರುಗಿದರು.
ಗೋಡೆಯಂತೆ, ಅಂದೆ. ತಾನು ಗೋಡೆಯಂತೆ.

ಗೋಡೆಯಾದರೆ ಸರಿ, ಒಪ್ಪಿದಳು ಹೆಲ್ಮಿ;
ತಮ್ಮ ಭಾಷೆಯಲ್ಲಿ ಅದು 'ಸೇಯ್ನ್' ಎಂದು
ಮೂರು ಸಲ ಅವನ ಕಿವಿಗೆ ಕೂಗಿದಳು.
ಅವನು ತಿರುಗಿ ಹೇಳಲಿಲ್ಲ.

ಮಧ್ಯಾಹ್ನ ಚಾರ್ಜು ತುಂಬಿದ ಮೇಲೆ ಇಣುಕಿದೆ:
ಬಿರುಕು ಗಾಜಿನೊಳಗೆ 'ಮತ್ತೆ ಮತ್ತೆ' ಎಂಬ ಬಿಲ್ಲೆ ಸಿಕ್ಕಿದೆ ಅವನಿಗೆ.
ಅದರ ಅಂಕಿಯನ್ನು ತೊಂಬತ್ತೊಂಬತ್ತಕ್ಕೆ ಏರಿಸಿ
ಕೆನ್ನೆ ಊರಿ ನೋಡುತ್ತಿದ್ದಾನೆ.
ಮುಳ್ಳುಹಂದಿ ಬೇಲಿಗೆ ಬಂದು ನಿಲ್ಲುತ್ತದೆ,
ಬಂದು ನಿಲ್ಲುತ್ತದೆ.
ಸೇಬು ಇದ್ದಲ್ಲೇ ಇದೆ.

ಅಂದಿನ ಗಂಜಿಯ ಸುದ್ದಿ ಎತ್ತಬೇಡಿ.
ತಳ ಹಿಡಿದಿತ್ತು.
ಕಲಕುತ್ತಲೇ ಇರು ಎಂದು
ನನಗೆ ಯಾರೂ ಹೇಳಿರಲಿಲ್ಲ.